ಭಾನುವಾರದ ಗೋಡೆ

ತಾವರೆಕೆರೆ, ಶಿರಾ ತಾಲ್ಲೂಕು
14-7-2024

ಮಧುಗಿರಿ ಜಗದಾಂಬಮ್ಮನವರಿಗೆ,

ಕ್ಯಾತಪ್ಪ ಬರೆಯೋದು. ಕ್ಷೇಮ ಗೀಮ ಕೇಳೋಕೆ ಬರೆದಿಲ್ಲ. ನಾಯಿ ಊಟ ಮುಟ್ತಿಲ್ಲ, ಅದಕ್ಕೆ ಬರೆದೆ.

ನೀವು ಫೋನ್ ಮಾಡಿದ್ರಿ ಅಂತ ನನ್ನ ಮಗ ರಾಮಾಂಜನೇಯ ಹೇಳಿದ. ಇನ್ನು ಮಾಡಬೇಡಿ. ನನ್ನ ಕಿವಿ ಎರಡೂ ಹೋಗಿ ಒಂದೂವರೆ ವರ್ಷ ಆಯ್ತು. ನೀವು ಹೇಳಿದ್ದನ್ನ ಇವನು ನನಗೆ ಕೂಗಿ ಹೇಳಬೇಕು. ಇವನು ಕೂಗಿದ್ರೆ ಬಸ್‌ಸ್ಟ್ಯಾಂಡಿಗೆಲ್ಲ ಕೇಳ್ತದೆ. ನಾನು ನಾಲ್ಕನೇ ಕ್ಲಾಸಿಗೆ ಇಸ್ಕೂಲು ಬುಟ್ಟೋನು, ಆದ್ರೂ ಅಕ್ಷರ ಮರೆತಿಲ್ಲ. ಬರೀರಿ, ಓದ್ಕೋತೀನಿ.

ಮಗಳು ಲತಾ ತೀರಿಹೋದ ಹನ್ನೊಂದನೇ ದಿನ ನಿಮ್ಮ ಮನೆಗೆ ಬಂದು ಅವಳ ನಾಯಿ ಎತ್ಕೊಂಡು ಬಂದೆ ಅಂತ ನಿಮಗೆ ಸಿಟ್ಟಿರಬಹುದು. ಇರಲಿ. ಸೊಸೆ ಸೀರೆ ಕೊಡೋಕೆ ಬಂದ್ರಿ, ಓಲೆ ಕೊಡೋಕೆ ಬಂದ್ರಿ, ಬೇಡ ಅಂದೆ. ಅವಳದ್ದು ಅಂತ ಉಸಿರಾಡೋ ಅಂಥದ್ದು ಒಂದು ಬೇಕಿತ್ತು ನನಗೆ. ನಾಲ್ಕು ವರ್ಷ ಮಗಳ ಮುಖ ನೋಡದೆ ಕೂತೋನಿಗೆ ಈಗೆಲ್ಲಿಂದ ಬಂತು ಹಕ್ಕು ಅಂತ ನಿಮ್ಮ ಯಜಮಾನರು ಅಂದ್ರು. ಕೇಳಿಸಲಿಲ್ಲ, ಬಾಯಿ ನೋಡಿ ತಿಳ್ಕೊಂಡೆ.

ಈಗ ನಾಯಿ ವಿಷಯ. ಐವತ್ತು ವರ್ಷ ಕುರಿ ಹಿಂದೆ ತಿರುಗಿದೋನು ನಾನು. ತೋಳ ಅಟ್ಟೋ ನಾಯಿಗಳನ್ನ ಸಾಕಿದೋನು. ಈ ಮೊಳ ಉದ್ದದ ಬಿಳೀ ಕೂದಲು ಗಂಟನ್ನ ಹೆಂಗೆ ಸಾಕೋದೋ ಗೊತ್ತಾಗ್ತಿಲ್ಲ. ಮುದ್ದೆ ಇಟ್ರೆ ಮೂಸಿ ಹಿಂದಕ್ಕೆ ಹೋಗ್ತದೆ. ಮೂಳೆ ಹಾಕಿದ್ರೆ ಮೂಳೆ ಬುಟ್ಟು ನನ್ನ ಮುಖ ನೋಡ್ತದೆ. ರಾಮಾಂಜನೇಯ ಮಟನ್ ಅಂಗಡಿ ಇಟ್ಟಿರೋನು, ಅವನ ಮನೇಲಿ ಮಾಂಸ ತಿನ್ನದ ನಾಯಿ ಇದ್ರೆ ಊರು ನಗ್ತದೆ. ನೀವೇನಾದ್ರೂ ಅದಕ್ಕೆ ಲಿಂಗ ಕಟ್ಟಿದ್ರಾ? ಏನು ಹಾಕ್ತಿದ್ರಿ ಬರೀರಿ.

ಕಂಬಳಿ ಅಂತ ಯಾಕೆ ಹೆಸರಿಟ್ಟಳು, ಅದೂ ಬರೀರಿ. ನಾಯೀನ ಯಾರಾದ್ರೂ ಕಂಬಳಿ ಅಂತ ಕರೀತಾರಾ.

ಇಂತಿ,
ಕ್ಯಾತಪ್ಪ


ಮಧುಗಿರಿ
22-7-2024

ಕ್ಯಾತಪ್ಪನವರಿಗೆ ಜಗದಾಂಬ ಮಾಡುವ ಶರಣು.

ಲಿಂಗ ಕಟ್ಟಿರಲಿಲ್ಲ. ಆದರೆ ನಮ್ಮ ಯಜಮಾನರು ಪೂಜೆಗೆ ಕೂತರೆ ಅದೂ ಬಂದು ಬಾಗಿಲಲ್ಲಿ ಕೂರುತ್ತಿತ್ತು, ಮುಗಿಯುವವರೆಗೂ ಅಲುಗುತ್ತಿರಲಿಲ್ಲ. ನಮ್ಮ ಮಗ ಪ್ರಸನ್ನನಿಗೇ ಆ ಬುದ್ಧಿ ಬರಲಿಲ್ಲ.

ಅದಕ್ಕೆ ಮೊಸರನ್ನ. ಅನ್ನ ಮೆತ್ತಗೆ ಬೇಯಿಸಿ ಚೆನ್ನಾಗಿ ಕಿವುಚಿ, ಬೇಯಿಸಿದ ಸಿಹಿಗುಂಬಳ ಒಂದು ಚೂರು ಸೇರಿಸಿ. ಉಪ್ಪು ಬೇಡ. ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಒಂದೇ ಸಲ ಹೊಟ್ಟೆ ತುಂಬ ಹಾಕಬಾರದು ಅಂತ ಲತಾ ಹೇಳುತ್ತಿದ್ದಳು. ಯಾಕೆ ಅಂತ ನಾನು ಕೇಳಲಿಲ್ಲ. ನಮ್ಮ ಮನೆಗೆ ಮಾಂಸ ಬರುವುದಿಲ್ಲ, ನಿಮಗೆ ಗೊತ್ತು. ಮೂರು ವರ್ಷ ಅದು ಇದರಲ್ಲೇ ಬೆಳೆಯಿತು. ಬೆಳೆಯಿತು ಅನ್ನುವ ಹಾಗೂ ಇಲ್ಲ, ಜೊತೆಗೆ ಹುಟ್ಟಿದವು ಇದರ ಎರಡರಷ್ಟು ಆಗಿವೆ.

ಪ್ರಸನ್ನ ಪಾವಗಡದ ಸೋಲಾರ್ ಪ್ಲಾಂಟಿನ ಹತ್ತಿರವೇ ರೂಮು ಮಾಡಿಕೊಂಡಿದ್ದಾನೆ. ಮನೆಗೆ ಬಂದರೆ ಹೆಂಡತಿಯ ಚಪ್ಪಲಿ ಕಣ್ಣಿಗೆ ಬೀಳುತ್ತೆ ಅಂದ. ತೆಗೆದಿಟ್ಟೆ. ಮುಂದಿನ ಸಲ ಬಂದಾಗ ಚಪ್ಪಲಿ ಎಲ್ಲಿ ಅಂತ ಹುಡುಕಿದ.

ಹೆಸರಿನ ವಿಷಯ ಇನ್ನೊಂದು ಸಲ ಬರೆಯುತ್ತೇನೆ.

ಜಗದಾಂಬ


ತಾವರೆಕೆರೆ
21-10-2024

ಜಗದಾಂಬಮ್ಮನವರಿಗೆ,

ಮೊಸರನ್ನ ನಡೀತು. ಎರಡು ತಿಂಗಳು ನಾಯಿ ನನ್ನ ಕಾಲು ಸುತ್ತಾನೇ ಇತ್ತು. ಅದನ್ನ ಹೇಳೋಕೆ ಬರೀತಿಲ್ಲ. ಈಗ ಬರೆಯೋದನ್ನ ಓದಿ ನಿಮ್ಮಲ್ಲೇ ಇಟ್ಕೊಳ್ಳಿ.

ಮಹಾಲಯ ಅಮಾಸೆಗೆ ಲತಾಗೆ ಎಡೆ ಇಟ್ಟೆ. ವರ್ಷ ತುಂಬದೆ ಇಡಬಾರದು ಅಂತ ನಾಲ್ಕು ಜನ ಅಂದ್ರು. ಅವಳು ಬದುಕಿದ್ದಾಗ ಈ ಜನದ ಮಾತು ಕೇಳಿಯೇ ಕೆಟ್ಟೆ, ಸತ್ತ ಮೇಲೂ ಕೇಳಬೇಕಾ? ಚಿಕ್ಕವಳಿದ್ದಾಗಿಂದ ಅವಳಿಗೆ ಕಲೇಜ ಅಂದ್ರೆ ಪ್ರಾಣ. ಕುರಿ ಲಿವರ್ರು ಕಣಮ್ಮ, ನಿಮಗೆ ಗೊತ್ತಿರಲ್ಲ. ಕೆಂಡದ ಮೇಲೆ ಸುಟ್ಟು ಉಪ್ಪು ಮೆಣಸು ಹಚ್ಚಿದ್ರೆ ಅಣ್ಣನಿಗೂ ಬಿಡ್ತಿರಲಿಲ್ಲ. ನಿಮ್ಮ ಮನೆ ಸೇರಿದ ಮೇಲೆ ಬಿಟ್ಟಳಂತೆ. ಅದನ್ನೇ ಸುಟ್ಟು ಎಲೆ ತುಂಬ ಇಟ್ಟೆ. ನಮ್ಮಲ್ಲಿ ಎಡೆ ಇಟ್ಟ ಮೇಲೆ ಬಾಗಿಲು ಹಾಕ್ಕೊಂಡು ಎಲ್ಲರೂ ಆಚೆ ಬರ್ತೀವಿ. ಸತ್ತೋರು ಬಂದು ಉಣ್ಣೋಕೆ ಹೊತ್ತು ಬೇಕಲ್ಲ.

ಬಾಗಿಲು ತೆಗೆದ್ರೆ ಎಲೆ ಖಾಲಿ. ನಾಯಿ ಒಳಗೇ ಉಳ್ಕೊಂಡಿತ್ತು, ಯಾರೂ ನೋಡಿರಲಿಲ್ಲ. ಕೋಲು ಎತ್ತಿ ಆಚೆಗೆ ಅಟ್ಟಿದೆ. ದೀಪ ಹಚ್ಚೋ ಹೊತ್ತಿಗೆ ತಾನಾಗೇ ಒಳಗೆ ಬಂತು. ನಡುಮನೆ ಮೂಲೆಗೆ ಹೋಯ್ತು. ಲತಾ ಕೂತು ಓದ್ತಿದ್ದ ಮೂಲೆ ಅದು. ಹಣೇನ ಗೋಡೆಗೆ ಒತ್ತಿ ನಿಂತ್ಕೊಂತು. ಕಣ್ಣು ತೆರೆದೇ ಇತ್ತು. ರಾಮಾಂಜನೇಯ ಕೂಗಿದ, ನಾನು ಕೂಗಿದೆ, ತಿರುಗಲಿಲ್ಲ. ನನಗಿಂತ ಕಿವುಡಾಗಿ ನಿಂತಿತ್ತು. ಬೆಳಗಿನ ತನಕ ಹೆಚ್ಚೂ ಕಮ್ಮಿ ಅಂಗೇ.

ಎಡೆ ಉಂಡ ಬಾಯಿ ಕಾಗೆದಾಗಲಿ ನಾಯಿದಾಗಲಿ, ಉಂಡೋರು ಸತ್ತೋರೇ ಅಂತ ನಮ್ಮಪ್ಪ ಹೇಳ್ತಿದ್ದ.

ಆವತ್ತಿಂದ ಭಾನುವಾರ ಭಾನುವಾರ ಆಗ್ತಿದೆ. ಮೂರು ಭಾನುವಾರ ನೋಡಿದೆ. ಅಂಗಡೀಲಿ ಕುರಿ ಕೊಯ್ಯೋ ದಿನ, ಅವಳ ಪಾಲು ಅಂತ ಕಲೇಜ ಸುಟ್ಟು ಎಲೆ ಮೇಲೆ ಇಡ್ತೀನಿ. ಕಂಬಳಿ ತಿನ್ನುತ್ತೆ. ಸಂಜೆಗೆ ಹೋಗಿ ಗೋಡೆಗೆ ನಿಲ್ತದೆ. ಸೋಮವಾರ ಮಧ್ಯಾಹ್ನಕ್ಕೆ ಮಾಮೂಲಾಗ್ತದೆ. ಭಾನುವಾರವೇ ಯಾಕೆ ಅಂತ ನಿಮಗೆ ಗೊತ್ತು. ಅವಳು ನನಗೆ ಫೋನ್ ಮಾಡ್ತಿದ್ದದ್ದು ಭಾನುವಾರ ಸಂಜೆ. ನಾಲ್ಕು ವರ್ಷ ಒಂದು ವಾರ ತಪ್ಪಿಸಲಿಲ್ಲ. ಕಿವಿ ಇದ್ದಾಗ ನಾನು ಎತ್ತಲಿಲ್ಲ. ಕಿವಿ ಹೋದ ಮೇಲೆ, ಫೋನ್ ಅಂಗೈಲಿ ನಡುಗೋದನ್ನ ಹಿಡ್ಕೊಂಡು ಕೂರ್ತಿದ್ದೆ. ನಿಲ್ಲೋ ತನಕ.

ಅವಳು ಬರ್ತಿದಾಳೆ ಕಣಮ್ಮ. ನಿಮಗಲ್ಲದೆ ಇನ್ಯಾರಿಗೂ ಹೇಳೋ ಹಾಗಿಲ್ಲ.

ಕ್ಯಾತಪ್ಪ


ಮಧುಗಿರಿ
30-10-2024

ಕ್ಯಾತಪ್ಪನವರಿಗೆ ಶರಣು.

ನಿಮ್ಮ ಪತ್ರವನ್ನು ಯಜಮಾನರಿಗೆ ತೋರಿಸಲಿಲ್ಲ. ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೇನೆ. ನಮ್ಮಲ್ಲಿ ಹೋದವರು ಶಿವನಲ್ಲಿ ಐಕ್ಯ, ತಿರುಗಿ ಬರುವುದಿಲ್ಲ. ನಲವತ್ತು ವರ್ಷದಿಂದ ಇದನ್ನು ಊರವರಿಗೆಲ್ಲ ಹೇಳಿಕೊಂಡು ಬಂದ ಮನೆ ನಮ್ಮದು.

ಆದರೂ ಕೇಳುತ್ತೇನೆ. ಮುಂದಿನ ಭಾನುವಾರ ಅದು ನಿಂತಾಗ ನನ್ನ ಹೆಸರು ಹೇಳಿ ಒಂದು ಮಾತು ಕೇಳಿ. ಜ್ವರ ಬಂದ ಮೊದಲ ದಿನ ಅವಳು ಆಸ್ಪತ್ರೆಗೆ ಹೋಗೋಣ ಅತ್ತೆ ಅಂದಳು. ಸೀರೆ ಕೂಡ ಬದಲಾಯಿಸಿದ್ದಳು. ನಾನು ಕಷಾಯ ಕುಡಿ, ನಾಳೆ ನೋಡೋಣ ಅಂದೆ. ಅವಳು ಸೀರೆ ಬಿಚ್ಚಿ ಮಡಿಸಿ ಇಟ್ಟಳು. ಮೂರನೇ ದಿನ ಕರೆದುಕೊಂಡು ಹೋದಾಗ ಪ್ಲೇಟ್‌ಲೆಟ್ ಉಳಿದಿರಲಿಲ್ಲ.

ನನ್ನ ಮೇಲೆ ಸಿಟ್ಟಿದೆಯಾ ಅಂತ ಕೇಳಿ. ಅಷ್ಟು ಸಾಕು.

ಜಗದಾಂಬ


ತಾವರೆಕೆರೆ
2-12-2024

ಜಗದಾಂಬಮ್ಮನವರಿಗೆ,

ಕೇಳಿದೆ. ನಿಮ್ಮ ಹೆಸರು ಹೇಳಿ, ಕಷಾಯದ ಮಾತು ಹೇಳಿ ಕೇಳಿದೆ. ಅದು ತಿರುಗಲಿಲ್ಲ. ಸಿಟ್ಟಿದ್ರೆ ತಿರುಗ್ತಿತ್ತು. ಹೋಗಲಿ ಬುಡಿ, ನಿಮ್ಮದು ತೀರಿತು. ನಂದು ಕೇಳೋಕೆ ಬಾಯಿ ಬರಲಿಲ್ಲ.

ನಾಯಿ ಬಡಕಲಾಗ್ತಿದೆ. ರಕ್ತ ಆಗಲಿ ಅಂತ ಬುಧವಾರನೂ ಕಲೇಜ ಹಾಕೋಕೆ ಶುರು ಮಾಡಿದೀನಿ. ಮೊದಲು ಭಾನುವಾರ ಒಂದೇ ದಿನ ಬರ್ತಿದ್ದಳು, ಈಗ ಬುಧವಾರನೂ ಬರ್ತಾಳೆ. ಗೋಡೆಗೆ ನಿಲ್ಲೋದಲ್ಲದೆ ಒರಳುಕಲ್ಲು ಸುತ್ತ ಸುತ್ತು ಹಾಕ್ತದೆ, ಒಂದೇ ಕಡೆಗೆ, ಗಾಣದ ಎತ್ತಿನಂಗೆ. ಜೊಲ್ಲು ಸುರೀತದೆ. ಹೊಸಲು ಎಡವುತ್ತೆ. ಗೋಡೇಲಿ ಅದು ಹಣೆ ಇಡೋ ಜಾಗ, ನೆಲದಿಂದ ಒಂದು ಗೇಣು ಮೇಲೆ, ಎಣ್ಣೆ ಜಿಡ್ಡು ಕಟ್ಟಿ ಕಪ್ಪಗಾಗಿದೆ. ನಾನು ಎದುರಿಗೆ ದೀಪ ಇಟ್ಕೊಂಡು ಕೂರ್ತೀನಿ. ಮುಟ್ಟಲ್ಲ. ಮುಟ್ಟಿ ಎಳೆದ್ರೆ ಅವಳು ಹೊರಟು ಹೋದ್ರೆ?

ಹುಚ್ಚು ಹಿಡಿದಿದೆ, ಮಕ್ಕಳಿರೋ ಮನೆ, ಒಂದು ದಾರಿ ಕಾಣಿಸ್ತೀನಿ ಅಂತ ರಾಮಾಂಜನೇಯ ಕೈಸನ್ನೆ ಮಾಡಿದ. ನಿನ್ನ ಅಂಗಡಿ ಕತ್ತಿ ಮೊದಲು ನನ್ನ ಕುತ್ತಿಗೆಗೆ ಹಾಕು ಲೇ ಅಂದೆ. ಆವತ್ತಿಂದ ಇಬ್ಬರಿಗೂ ಮಾತಿಲ್ಲ. ಕಿವುಡನ ಜೊತೆ ಮಾತು ಬಿಟ್ರೆ ಅವನಿಗೇ ಲಾಭ.

ಕ್ಯಾತಪ್ಪ


ಮಧುಗಿರಿ
16-12-2024

ಕ್ಯಾತಪ್ಪನವರಿಗೆ,

ಪ್ರಸನ್ನ ಬಂದಿದ್ದ. ಅಕ್ಕಿ ಅಳೆಯಲು ಡಬ್ಬ ತೆಗೆದವನ ಕೈಗೆ ನಿಮ್ಮ ಪತ್ರಗಳು ಸಿಕ್ಕವು. ನಿಂತೇ ಓದಿದ. ಲತಾಳ ಫೈಲು ತೆಗೆದು ಒಂದು ಚೀಟಿ ನನ್ನ ಮುಂದೆ ಹಾಕಿದ. ಅದನ್ನೇ ಇದರ ಜೊತೆ ಕಳಿಸುತ್ತಿದ್ದೇನೆ.

ಹೋದ ವರ್ಷ ಕೊರಟಗೆರೆಯಲ್ಲಿ ಅವನ ಸ್ನೇಹಿತರ ಮನೆ ಗೃಹಪ್ರವೇಶದ ಮಾರನೇ ದಿನ ಬಾಡೂಟ ಇತ್ತು. ಕಂಬಳಿ ಅಲ್ಲಿ ಕೋಳಿ ತಿಂದಿತ್ತು. ಆ ಸಂಜೆ ನಮ್ಮ ಮನೆಯಲ್ಲಿ ಬೀರುವಿಗೆ ಹಣೆ ಒತ್ತಿ ನಿಂತಿತು. ಲತಾ ಮಾರನೇ ದಿನ ಡಾಕ್ಟರಿಗೆ ತೋರಿಸಿದಳು. ಲಿವರ್ ತೊಂದರೆ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ, ಸ್ಕ್ಯಾನ್ ಮಾಡಿಸಿ ಅಂತ ಅವರು ಬರೆದಿದ್ದಾರೆ. ಕೆಳಗೆ ‘ಮಾಂಸ ಬೇಡವೇ ಬೇಡ’ ಅಂತ ಇರುವುದು ಲತಾಳ ಕೈಬರಹ. ಮಾಂಸ ನಿಲ್ಲಿಸಿದ ಮೇಲೆ ಸರಿಹೋಯಿತು, ಸ್ಕ್ಯಾನು ಹಾಗೇ ಮುಂದಕ್ಕೆ ಬಿತ್ತು.

ನನ್ನದೂ ಒಂದು ತಪ್ಪಿದೆ. ಅದು ಬೀರುವಿನ ಮುಂದೆ ನಿಂತಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ನಿಮ್ಮ ಅಕ್ಟೋಬರ್ ಪತ್ರ ಓದಿದಾಗಲೇ ನೆನಪಾಯಿತು. ಆವತ್ತು ಲತಾ ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಹಾಗಾದರೆ ಬೀರುವಿನಲ್ಲಿ ಯಾರಿದ್ದರು? ನನ್ನನ್ನು ನಾನು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ನನಗೂ ಅವಳು ಬರುವುದು ಬೇಕಿತ್ತು.

ಕಲೇಜ ನಿಲ್ಲಿಸಿ. ನಾಯಿ ಸಾಯುತ್ತದೆ.

ಹೆಸರಿನ ವಿಷಯ. ನಿಮ್ಮ ಕುಲದಲ್ಲಿ ಮದುವೆಗೆ ತವರಿನ ಕಂಬಳಿ ಹಾಸಿ ಕೂರಿಸುತ್ತಾರಂತೆ. ರಿಜಿಸ್ಟರ್ ಆಫೀಸಿನಲ್ಲಿ ಇವರಿಬ್ಬರೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಒಂದು ವರ್ಷದ ಮೇಲೆ ಈ ಮರಿ ತಂದಾಗ ಮಡಿಲಲ್ಲಿ ಹಾಕಿಕೊಂಡು, ‘ನಮ್ಮಪ್ಪ ಕಳಿಸಲಿಲ್ಲ ಅತ್ತೆ, ಇದೇ ನನ್ನ ಕಂಬಳಿ’ ಅಂದಳು. ನಗುತ್ತಲೇ ಅಂದಳು.

ಜಗದಾಂಬ


ತಾವರೆಕೆರೆ
21-12-2024

ನಿಮ್ಮ ಕಾಗದ ಒಲೆಗೆ ಹಾಕಿದೆ. ಚೀಟಿ ಹಾಕಿಲ್ಲ, ಅದರಲ್ಲಿ ಅವಳ ಅಕ್ಷರ ಇದೆ.

ಕಲೇಜ ನಿಲ್ಲಿಸಿದ್ರೆ ನಾಯಿ ಉಳೀತದೆ ಅಂತ ಬರೆದ್ರಿ. ಅವಳು? ಅದನ್ನ ಯಾಕೆ ಬರೀಲಿಲ್ಲ? ನಾಲ್ಕು ವರ್ಷ ಬಾಗಿಲು ಹಾಕ್ಕೊಂಡು ಕೂತಿದ್ದೆ. ಈಗ ಬಂದವಳ ಮುಖಕ್ಕೆ ಇನ್ನೊಂದು ಸಲ ಹಾಕು ಅಂತೀರಿ. ನಿಮಗೆ ಉತ್ತರ ಸಿಕ್ತು, ನೀವು ಹೇಳ್ತೀರಿ. ನಾನಿನ್ನೂ ಕೇಳಿಲ್ಲ.

ಬರೀಬೇಡಿ.

ಕ್ಯಾತಪ್ಪ


ತಾವರೆಕೆರೆ
20-1-2025

ಜಗದಾಂಬಮ್ಮನವರಿಗೆ,

ಬರೀಬೇಡಿ ಅಂದೋನು ನಾನೇ, ಬರೀತಿರೋನೂ ನಾನೇ.

ನಿನ್ನೆ ಬುಟ್ಟು ಅದರ ಹಿಂದಿನ ಭಾನುವಾರ ಗೋಡೆ ಹತ್ರ ನಿಂತಿದ್ದ ನಾಯಿ ಸೆಟೆದು ಬಿತ್ತು. ಕಾಲು ಬಡೀತು, ಬಾಯಲ್ಲಿ ನೊರೆ. ಬಾಯಿ ತೆರೆದು ಕೂಗ್ತಿತ್ತು. ಎಷ್ಟು ಜೋರಾಗಿ ಅಂತ ನನಗೆ ಗೊತ್ತಿಲ್ಲ. ರಾಮಾಂಜನೇಯ ಎರಡೂ ಕಿವಿ ಮುಚ್ಕೊಂಡ. ಅವನು ಮುಚ್ಕೊಂಡಿದ್ದು ನೋಡಿ ನನಗೆ ತಿಳೀತು.

ಬೆಳಗಿನ ಮೊದಲ ಬಸ್ಸಿಗೆ ಕರೀ ಕಂಬಳೀಲಿ ಸುತ್ಕೊಂಡು ಶಿರಾಕ್ಕೆ ಹೋದೆ. ಪಕ್ಕದ ಸೀಟಿನವಳು ಮೊಮ್ಮಗೂನಾ ಅಂತ ಕಂಬಳಿ ಸರಿಸಿ ನೋಡಿದಳು, ಆಮೇಲೆ ಎದ್ದು ಬೇರೆ ಕಡೆ ಕೂತಳು. ದನದ ಆಸ್ಪತ್ರೆಯ ಡಾಕ್ಟರು ಅಂಬರೀಶ್ ಅಂತ, ಚಿಕ್ಕ ವಯಸ್ಸು, ತಾಳ್ಮೆ ಇದೆ. ನಾನು ಕಿವುಡ ಅಂತ ತಿಳಿದ ಮೇಲೆ ಎಲ್ಲಾ ಬರೆದೇ ಹೇಳಿದ. ಲತಾಳ ಚೀಟಿ ತೋರಿಸಿದೆ. ಹೊಟ್ಟೆ ಕಡೆಯಿಂದ ಬರೋ ರಕ್ತ ಲಿವರ್ ಹೊಕ್ಕು ಸೋಸಿ ಆಚೆ ಹೋಗಬೇಕಂತೆ. ಸಣ್ಣ ಜಾತಿ ನಾಯಿಗಳಲ್ಲಿ ಕೆಲವಕ್ಕೆ ಹುಟ್ತಾನೇ ಒಂದು ರಕ್ತನಾಳ ಅಡ್ಡದಾರಿ ಹಿಡಿದಿರ್ತದಂತೆ. ಕೆರೆಗೆ ಹೋಗೋ ನೀರು ಕಾಲುವೆ ಒಡೆದು ಸೀದಾ ಊರಿಗೆ ನುಗ್ಗಿದಂಗೆ. ಮಾಂಸ ತಿಂದಷ್ಟೂ ವಿಷ ಸೋಸದೆ ತಲೆಗೆ ಏರ್ತದೆ. ಇದೇ ಅಂತ ಗಟ್ಟಿಯಾಗಿ ಹೇಳೋಕೆ ಬೆಂಗಳೂರಲ್ಲಿ ಸ್ಕ್ಯಾನ್ ಆಗಬೇಕು ಅಂದ. ‘ಇರಬಹುದು’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದ. ರಕ್ತ ತೆಗೆದ, ಪಾಕದಂಥ ಒಂದು ಸಿರಪ್ ಕೊಟ್ಟ. ಊಟ ಏನು ಹಾಕಲಿ ಅಂದೆ. ಮೊಸರನ್ನ ಅಂತ ಬರೆದ. ನೀವು ಮೂರು ವರ್ಷ ಹಾಕಿದ್ದೇ ಔಷಧಿ ಆಗಿತ್ತು, ಗೊತ್ತಿಲ್ಲದೆ. ನಾನು ಪ್ರೀತಿಯಿಂದ ಹಾಕಿದ್ದು ವಿಷ.

ಕೊನೇಲಿ ಒಂದು ಕೇಳಿದೆ. ಗೋಡೇಲಿ ಅದಕ್ಕೆ ಏನು ಕಾಣ್ತಿತ್ತು?

ಅವನು ಪೆನ್ನು ಹಿಡ್ಕೊಂಡು ನನ್ನ ಮುಖ ನೋಡಿದ. ಆಮೇಲೆ ಬರೆದ. ‘ಏನೂ ಕಾಣಲ್ಲ ಅಜ್ಜ. ತಲೆ ಒಳಗೆ ತಡೆಯೋಕಾಗದ ಹಿಂಸೆ ಆಗುತ್ತೆ. ಅದಕ್ಕೆ ಒತ್ತುತ್ತೆ.’

ಹದಿನೈದು ಭಾನುವಾರ ಕಣಮ್ಮ. ಅದು ಹಿಂಸೆ ಪಡ್ತಿತ್ತು, ನಾನು ದೀಪ ಹಚ್ಕೊಂಡು ಕೈ ಮುಗಿದು ಕೂತಿದ್ದೆ. ಒಂದು ಸಲ ಎಳೆದು ಮಡಿಲಿಗೆ ಹಾಕ್ಕೊಳ್ಳಲಿಲ್ಲ.

ನಿನ್ನೆ ಭಾನುವಾರ. ಕಲೇಜ ಸುಡಲಿಲ್ಲ. ಮೊಸರನ್ನ ಹಾಕಿ ಸಂಜೆ ತನಕ ಕಾದೆ. ಕಂಬಳಿ ಬಾಗಿಲಲ್ಲಿ ಮಲಗಿ ನಿದ್ದೆ ಮಾಡ್ತು. ಯಾರೂ ಬರಲಿಲ್ಲ.

ಕ್ಯಾತಪ್ಪ


ಮಧುಗಿರಿ
11-2-2025

ಕ್ಯಾತಪ್ಪನವರಿಗೆ ಶರಣು.

ಪತ್ರವನ್ನು ಈ ಸಲ ಯಜಮಾನರಿಗೂ ತೋರಿಸಿದೆ. ಅವರು ಓದಿ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಸಿಟ್ಟಿದ್ದರೆ ತಿರುಗುತ್ತಿತ್ತು ಅಂತ ಬರೆದಿದ್ದಿರಿ. ಆ ಒಂದು ಸಾಲು ಹಿಡಿದುಕೊಂಡು ನಾನು ಒಂದಷ್ಟು ದಿನ ನಿದ್ದೆ ಮಾಡಿದೆ. ಚೀಟಿ ನಿಮಗೆ ಕಳಿಸಿದ ದಿನವೇ ಗೊತ್ತಿತ್ತು, ಇದನ್ನು ಕಳಿಸಿದರೆ ಅದೂ ಹೋಗುತ್ತದೆ ಅಂತ. ಹೋಯಿತು. ಈಗ ಮತ್ತೆ ಆ ಮಡಿಸಿಟ್ಟ ಸೀರೆ ಕಣ್ಣ ಮುಂದೆ ಬರುತ್ತದೆ.

ಜೂನಿನಲ್ಲಿ ವರ್ಷ ತುಂಬುತ್ತದೆ. ನೀವು ಬರಬೇಕು. ಹೋದ ಸಲದ ಹಾಗೆ ಹೊಸಲಲ್ಲೇ ನಿಂತು ಹೋಗಬಾರದು.

ಜಗದಾಂಬ


ತಾವರೆಕೆರೆ
27-3-2025

ಜಗದಾಂಬಮ್ಮನವರಿಗೆ,

ನಿಮ್ಮ ಪ್ರಶ್ನೆಗೆ ಗೋಡೆ ಉತ್ತರ ಕೊಡಲ್ಲ. ನಾನು ಕೊಡ್ತೀನಿ. ಆಸ್ಪತ್ರೆಗೆ ಹೋಗೋಣ ಅಂತ ಅವಳು ಕೇಳಿದ್ದು ನಿಮ್ಮನ್ನ. ಕೇಳಬಹುದು ಅನ್ನಿಸಿತ್ತು, ಕೇಳಿದಳು. ಅಪ್ಪ ಅನ್ನೋನು ಐವತ್ತು ಮೈಲಿ ಒಳಗೇ ಇದ್ದ, ಅವನನ್ನ ಕೇಳೋಕಾಗಲಿಲ್ಲ. ಸಿಟ್ಟು ಅಂತ ಇದ್ರೆ ಮೊದಲು ನನ್ನ ಮೇಲೆ. ಸಾಲಲ್ಲಿ ನೀವು ನನ್ನ ಹಿಂದೆ ನಿಂತ್ಕೊಳ್ಳಿ.

ಪ್ರಸನ್ನ ಬಂದಿದ್ದ. ಬಾಗಿಲಲ್ಲಿ ನಿಂತಿದ್ದ, ಒಳಗೆ ಬಾ ಅಂದೆ. ಒಂದು ಗಂಟೆ ಕೂತಿದ್ದ. ನಾಯಿ ಇಬ್ಬರ ಮಧ್ಯೆ ಮಲಗಿತ್ತು. ಏಪ್ರಿಲ್ಲಿನಲ್ಲಿ ಬೆಂಗಳೂರಿಗೆ ಸ್ಕ್ಯಾನಿಗೆ ಕರ್ಕೊಂಡು ಹೋಗ್ತೀನಿ ಅಂತ ಕಾಗದದ ಮೇಲೆ ಬರೆದು ತೋರಿಸಿದ. ನಾನೂ ಬರ್ತೀನಿ ಅಂದೆ. ಅಲ್ಲಿ ಏನು ಹೇಳ್ತಾರೋ. ಸದ್ಯಕ್ಕೆ ಕಂಬಳಿ ಸುತ್ತು ಹಾಕೋದು ಬಿಟ್ಟಿದೆ. ಕೋಳಿ ಅಟ್ಟಿಸ್ಕೊಂಡು ಹೋಗ್ತದೆ. ಕೋಳಿ ತಿರುಗಿ ನಿಂತ್ರೆ ಓಡಿ ಬರ್ತದೆ.

ಜೂನಿಗೆ ಬರ್ತೀನಿ. ಒಂದು ಹೊಸ ಕಂಬಳಿ ನೇಯಿಸೋಕೆ ಹೇಳಿದೀನಿ. ಎಲ್ಲಿ ಹಾಸ್ತೀರೋ ನೀವೇ ನೋಡಿ. ಎಡೆ ನಿಮ್ಮ ಪದ್ಧತೀಲಿ ಇಲ್ಲ ಅಂತ ಗೊತ್ತು. ಒಂದು ಎಲೇಲಿ ಮೊಸರನ್ನ ಕಲಸಿಡಿ. ನಾಯಿ ತಿಂದ್ರೂ ತೊಂದರೆ ಇಲ್ಲ.

ಇನ್ನೊಂದು ಹೇಳಬೇಕು. ಯುಗಾದಿ ಅಂತ ರಾಮಾಂಜನೇಯ ಮನೆಗೆ ಸುಣ್ಣ ಹೊಡೀತಿದಾನೆ. ನಡುಮನೆ ಮೂಲೆಗೆ ಬಂದಾಗ ಬಕೆಟ್ ಹಿಡ್ಕೊಂಡು ನನ್ನ ಮುಖ ನೋಡಿದ. ಸ್ವಲ್ಪ ಆಚೆ ಇರು ಅಂದೆ. ನೆಲಕ್ಕೆ ಮಂಡಿ ಊರಿ, ಕೈ ಊರಿ, ಆ ಜಿಡ್ಡಿನ ಕಲೆ ಮೇಲೆ ನನ್ನ ಹಣೆ ಇಟ್ಟೆ. ಗೋಡೆ ತಣ್ಣಗಿತ್ತು. ನಂದು ಒಂದು ಮಾತು ಕೇಳೋದು ಉಳಿದಿತ್ತಲ್ಲ, ಅದನ್ನ ಕೇಳಿದೆ. ಎಷ್ಟು ಹೊತ್ತು ಇದ್ದೆನೋ ಗೊತ್ತಿಲ್ಲ. ಹಿಂದಿನಿಂದ ಯಾರೋ ಪಂಚೆ ಹಿಡಿದು ಎಳೆದಂಗಾಯ್ತು. ಬಿಡಲಿಲ್ಲ, ಎಳೀತಾನೇ ಇತ್ತು. ತಿರುಗಿದ್ರೆ ಕಂಬಳಿ. ಹಲ್ಲಲ್ಲಿ ಪಂಚೆ ಕಚ್ಕೊಂಡು, ಕಾಲು ನೆಲಕ್ಕೆ ಒತ್ತಿ ಹಿಂದಕ್ಕೆ ಜಗ್ತಿತ್ತು. ಮೊಳ ಉದ್ದದ ನಾಯಿ. ಆ ಬುದ್ಧಿ ಹದಿನೈದು ಭಾನುವಾರ ನನಗೆ ಬರಲಿಲ್ಲ.

ಹೊಡಿ ಲೇ ಅಂದೆ ರಾಮಾಂಜನೇಯಂಗೆ. ಮೂರು ಸಲ ಬಳಿದ. ಹಸಿ ಇದ್ದಾಗ ಎಲ್ಲಾ ಬೆಳ್ಳಗೆ ಕಾಣ್ತದೆ. ಒಣಗಿದ ಮೇಲೆ ಗೇಣು ಎತ್ತರದಲ್ಲಿ ಕಲೆ ಮತ್ತೆ ಎದ್ದು ಬರ್ತದೆ. ಎಣ್ಣೆ ಜಿಡ್ಡಿನ ಮೇಲೆ ಸುಣ್ಣ ನಿಲ್ಲಲ್ಲ ಅಂತ ಕೈ ತಿರುಗಿಸಿ ತೋರಿಸಿದ.

ಇರ್ಲಿ ಬುಡು ಅಂದೆ.

ನಿಮ್ಮ ಬೀಗ,
ಕ್ಯಾತಪ್ಪ